ಸ್ಪಷ್ಟನೆ: ಅಮಾವಾಸ್ಯೆಯಂದು ಹಿನ್ನೀರು ಶಾಂತವಾಗಿರುವುದಿಲ್ಲ

ಬೇಸಿಗೆಯ ವಾರಾಂತ್ಯಕ್ಕೆ ಸಾಲಿಗ್ರಾಮದ ಹಿನ್ನೀರಿನಲ್ಲಿ ಕಯಾಕ್ ನಡೆಸಿ, ದಡದಲ್ಲಿ ಡೇರೆ ಹಾಕಲು ಹೊರಟಿರುವ ಮೈಸೂರಿನ ಗೆಳೆಯರ ನಡುವೆ ಒಂದು ವಾಟ್ಸ್ಆ್ಯಪ್ ಸಂದೇಶ ಓಡಾಡುತ್ತಿದೆ: ‘ಅಮಾವಾಸ್ಯೆಯಂದು ಉಬ್ಬರ ಇರುವುದಿಲ್ಲ, ಯಾವ ಹೊತ್ತಿಗಾದರೂ ನೀರಿಗಿಳಿಯಬಹುದು.’ (ಇದು ಕೃಷ್ಣರಾಜನಗರದ ಪಕ್ಕದ ಸಾಲಿಗ್ರಾಮವಲ್ಲ, ಉಡುಪಿ ಜಿಲ್ಲೆಯದು.)

ಇದು ತಪ್ಪು, ಅಪಾಯಕಾರಿಯೂ ಹೌದು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಸೇರುವುದರಿಂದ ಉಬ್ಬರವೂ ಇಳಿತವೂ ಹೆಚ್ಚು. ನಮ್ಮ ವರುಣಾ ಕೆರೆಯಲ್ಲಿ ಕೈ ಸೋತರೆ ದೋಣಿ ನಿಲ್ಲುತ್ತದೆ. ನದಿ ಕಡಲನ್ನು ಸೇರುವ ಅಳಿವೆಯ ಬಳಿ ಇಳಿತದ ಹೊತ್ತಿನಲ್ಲಿ ಕೈ ಸೋತರೆ ನೀರು ಕಡಲಿನತ್ತ ಎಳೆದೊಯ್ಯುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುಗಾಲುವೆಗಳಲ್ಲಿ ನೀರಿಳಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ. ಉಬ್ಬರ ದಿನಕ್ಕೆ ಎರಡು ಬಾರಿ ಬರುತ್ತದೆ, ಮರುದಿನ ಸುಮಾರು 50 ನಿಮಿಷ ತಡವಾಗಿ. ಆದ್ದರಿಂದ ಶನಿವಾರದ ವೇಳೆಯನ್ನೇ ಭಾನುವಾರಕ್ಕೂ ಹಿಡಿಯಬೇಡಿ.

ಮಧ್ಯಾಹ್ನದ ಕಡಲ ಗಾಳಿ ಬೀಸುವ ಮೊದಲೇ ದಡ ಸೇರಿ. ಡೇರೆಯನ್ನು ಒದ್ದೆ ಮರಳಿನ ಗುರುತಿಗಿಂತ ಸಾಕಷ್ಟು ಮೇಲೆ, ಅನುಮತಿ ಇರುವಲ್ಲಿ ಮಾತ್ರ ಹಾಕಿ. ಈಜು ಬಲ್ಲವರೂ ಜೀವರಕ್ಷಕ ಜಾಕೆಟ್ ತೊಡಲೇಬೇಕು. ಹೊರಡುವ ಮುನ್ನ ಅಲ್ಲಿನ ಮೀನುಗಾರರನ್ನು ಕೇಳಿ. ಆ ನೀರನ್ನು ಬಲ್ಲವರು ಅವರು.