ಒಗೆದುಬಿಡುವ ಮೀನಲ್ಲ ಇದು

ಟೆಕ್ಸಾಸ್‌ನ ಗಲ್ಫ್ ಕರಾವಳಿಯಲ್ಲಿ ರಜೆಯ ದಿನ ಗಾಳ ಹಾಕಲು ಬರುವವರಿಗೆ ಬೇಡವೆಂದರೂ ಸಿಗುವ ಮೀನು ಸಮುದ್ರದ ಮೀಸೆಮೀನು. ಸಿಕ್ಕಿದ್ದನ್ನು ಬೈದು ನೀರಿಗೆ ಒಗೆಯುವವರೇ ಹೆಚ್ಚು. ವಾಸನೆ, ಲೋಳೆ, ಮುಳ್ಳು ಎಂಬ ಮೂರು ದೂರು ಅದರ ಮೇಲಿವೆ. ಬೀಳಗಿ, ಕೊಲ್ಹಾರ, ಚಿಕ್ಕಪಡಸಲಗಿ ಕಡೆ ಕೃಷ್ಣೆಯ ಮೀನು ತಿಂದು ಬೆಳೆದ ನಮ್ಮ ಮಂದಿಯೂ ಇಲ್ಲಿಗೆ ಬಂದ ಮೇಲೆ ಅದೇ ಮಾತು ಕಲಿಯುತ್ತಿದ್ದಾರೆ. ನನ್ನ ಅನಿಸಿಕೆ ಬೇರೆ. ಮುಳ್ಳೊಂದು ಮೀನಿನದು, ವಾಸನೆ, ಲೋಳೆ ಎರಡೂ ಹಸನು ಮಾಡುವ ಕೈಗೆ ಬಿಟ್ಟದ್ದು. ಆ ಕೈಚಳಕದ ಅರ್ಧ ಇಲ್ಲಿನ ಗಾಳಗಾರರಲ್ಲಿದೆ, ಇನ್ನರ್ಧ ಕೃಷ್ಣಾ ದಂಡೆಯ ಅಡುಗೆಮನೆಯಲ್ಲಿದೆ.

ಇಲ್ಲಿ ಸಿಗುವ ಜಾತಿ ಎರಡು. ಹಾರ್ಡ್‌ಹೆಡ್‌ಗೆ ಮೂರು ಜೊತೆ ಮೀಸೆ, ತಲೆಯ ಮೇಲೆ ಎಲುಬಿನ ಗಟ್ಟಿ ಫಲಕ. ಗ್ಯಾಫ್‌ಟಾಪ್‌ಗೆ ಎರಡು ಜೊತೆ ಮೀಸೆ, ಬೆನ್ನಿನ ರೆಕ್ಕೆಯ ತುದಿಯಿಂದ ದಾರದ ಹಾಗೆ ಉದ್ದನೆಯ ಎಳೆ. ಮೊದಲನೆಯದರಲ್ಲಿ ತಲೆಯೇ ಭಾರ, ಮೂರರಲ್ಲಿ ಒಂದು ಪಾಲು ತಿರುಳು ಸಿಕ್ಕರೆ ಹೆಚ್ಚು. ಎರಡನೆಯದರ ತಿರುಳು ದಪ್ಪ, ರುಚಿಯೂ ಮೇಲು, ಆದರೆ ಲೋಳೆ ವಿಪರೀತ. ಬೆಳಗಾವಿ ಪೇಟೆಯಲ್ಲಿ ಮರಾಠಿ ಮಾತಾಡುವವರು ಶಿಂಗಾಳಾ ಅನ್ನುವುದು ಇವುಗಳ ಅರಬ್ಬೀ ಸಮುದ್ರದ ಬಳಗವನ್ನೇ.

ಮುಳ್ಳಿನ ಮಾತು ಮೊದಲು. ನಮ್ಮ ಹೊಳೆಯ ಬಾಳೆಮೀನಿಗೆ ಬೆನ್ನ ಮೇಲೆ ಗಟ್ಟಿ ಮುಳ್ಳಿಲ್ಲ, ಅಲ್ಲಿ ಹಲ್ಲಿಗೆ ಅಂಜಿದರೆ ಸಾಕು. ಆ ರೂಢಿಯಲ್ಲೇ ಸಮುದ್ರದ ಮೀಸೆಮೀನನ್ನು ಮುಷ್ಟಿಯಲ್ಲಿ ಹಿಡಿದರೆ ಕೆಟ್ಟಿತು. ಬೆನ್ನಿನಲ್ಲಿ ಒಂದು, ಎರಡೂ ಪಕ್ಕೆಯಲ್ಲಿ ಒಂದೊಂದು, ಒಟ್ಟು ಮೂರು ಮುಳ್ಳು. ಗರಗಸದ ಹಲ್ಲಿನಂಥ ಅಂಚು, ಮೇಲೆ ವಿಷದ ತೆಳು ಪೊರೆ. ಮೀನು ಗಾಬರಿಯಾದಾಗ ಮುಳ್ಳನ್ನು ನೆಟ್ಟಗೆ ನಿಲ್ಲಿಸಿ ಬುಡದಲ್ಲಿ ಚಿಲಕ ಹಾಕಿಕೊಳ್ಳುತ್ತದೆ. ಆಮೇಲೆ ಒತ್ತಿದರೂ ಮಲಗುವುದಿಲ್ಲ. ಚಪ್ಪಲಿಯ ತೆಳು ಅಟ್ಟೆಯನ್ನೂ ದಾಟಿ ಕಾಲಿಗೆ ನಡುತ್ತದೆ, ಆದ್ದರಿಂದ ಕಾಲಿನಿಂದ ಒತ್ತಿ ಹಿಡಿಯಬಾರದು. ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಇಕ್ಕಳದಿಂದ ಗಾಳ ಬಿಡಿಸಬೇಕು. ಇಟ್ಟುಕೊಳ್ಳುವ ಮೀನಾದರೆ ಸತ್ತ ಮೇಲೆ ತಂತಿ ಕತ್ತರಿಸುವ ಕಟರ್‌ನಿಂದ ಮೂರೂ ಮುಳ್ಳನ್ನು ಬುಡಕ್ಕೇ ಕತ್ತರಿಸಿ ಡಬ್ಬಿಗೆ ಹಾಕಿ ಮುಚ್ಚಿ. ಸತ್ತ ಮೀನಿನ ಮುಳ್ಳೂ ಚುಚ್ಚುತ್ತದೆ, ಉರಿಯುತ್ತದೆ. ಮರಳಿನಲ್ಲಿ ಬಿಟ್ಟು ಬಂದರೆ ಬರಿಗಾಲ ಮಕ್ಕಳಿಗೆ ಅಪಾಯ.

ಚುಚ್ಚಿದರೆ ನಮ್ಮಲ್ಲಿ ಚೇಳು ಕಡಿದಾಗ ಮಾಡುವ ಹಾಗೆ ಸುಣ್ಣ ಹಚ್ಚಬೇಡಿ. ಬಿಸಿನೀರೇ ಮದ್ದು: ಸುಮಾರು 45 ಡಿಗ್ರಿ ಸೆಲ್ಸಿಯಸ್, ಅಂದರೆ ನೋಯದ ಇನ್ನೊಂದು ಕೈ ತಡೆದುಕೊಳ್ಳುವಷ್ಟು ಬಿಸಿ. ಅದರಲ್ಲಿ 30ರಿಂದ 90 ನಿಮಿಷ ಅದ್ದಿಟ್ಟರೆ ಶಾಖಕ್ಕೆ ವಿಷದ ಪ್ರೋಟೀನ್ ಕೆಟ್ಟು ನೋವು ಇಳಿಯುತ್ತದೆ. ಮುಳ್ಳಿನ ಚೂರು ಒಳಗೆ ಉಳಿದರೆ, ಗಾಯ ಕೆಂಪೇರಿ ಬಾತರೆ, ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಗಲ್ಫ್‌ನ ಬೆಚ್ಚನೆಯ ಉಪ್ಪುನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇದ್ದವರಿಗೆ ಅದು ಜೀವಕ್ಕೇ ಎರವಾಗಬಹುದು.

ಮುಳ್ಳು ಕತ್ತರಿಸುವ ಮೊದಲು, ಮೀನು ಇನ್ನೂ ಜೀವಂತ ಇರುವಾಗಲೇ, ಅದರ ಬಾಯೊಳಗೆ ನೋಡಿ. ಬೇಸಿಗೆಯಲ್ಲಿ ಗಂಡುಮೀನು ಗೋಲಿಯಷ್ಟು ದಪ್ಪದ ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುತ್ತದೆ, ವಾರಗಟ್ಟಲೆ ಉಪವಾಸವಿರುತ್ತದೆ. ಅಂಥದ್ದನ್ನು ಮೆತ್ತಗೆ ನೀರಿಗೆ ಬಿಡಬೇಕು. ಇದು ಬರೀ ಕರುಣೆಯ ಮಾತಲ್ಲ. ನಮ್ಮ ಕರ್ನಾಟಕ ಕರಾವಳಿಯಲ್ಲಿ 1970ರ ದಶಕದಲ್ಲಿ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದ ಮೇಲೆ ಮೊಟ್ಟೆ ಹೊತ್ತ ಗಂಡುಗಳೇ ಹಿಂಡುಹಿಂಡಾಗಿ ಬಲೆಗೆ ಬಿದ್ದವು. ಆಮೇಲೆ ಆ ಮೀನು ಸಿಗುವುದೇ ಕಡಿಮೆಯಾಯಿತು.

ಇನ್ನು ವಾಸನೆ. ಹೊಳೆ ಮೀನಿನ ವಾಸನೆ ಬೇರೆ, ಸಮುದ್ರದ್ದು ಬೇರೆ. ಹಿನ್ನೀರಿನ ಮೀನಿಗೆ ಬರುವ ಮಣ್ಣಿನ ವಾಸನೆ ನೀರಿನಲ್ಲೇ ಹುಟ್ಟಿ ಮೀನಿನ ಮೈಗೆ ಇಳಿದದ್ದು. ಸಮುದ್ರದ ಮೀನಿನ ವಾಸನೆ ಹುಟ್ಟುವುದು ಸತ್ತ ಮೇಲೆ: ಮಾಂಸದಲ್ಲಿರುವ ಒಂದು ವಸ್ತುವನ್ನು ಬ್ಯಾಕ್ಟೀರಿಯಾ ಒಡೆದು ಟ್ರೈಮೀಥೈಲಮೈನ್ ಮಾಡುತ್ತದೆ. ಅಂದರೆ ಇದು ಹೊತ್ತು ಮತ್ತು ಬಿಸಿಲಿನ ಲೆಕ್ಕ. ಈ ವಿಷಯದಲ್ಲಿ ಇಲ್ಲಿನ ಒಳ್ಳೆಯ ಗಾಳಗಾರರಿಂದ ನಾವು ಕಲಿಯಬೇಕು. ಮೀನು ಮೇಲೆ ಬಂದ ಕೂಡಲೇ ಕಿವಿರು ಕೊಯ್ದು ಐದು ನಿಮಿಷ ರಕ್ತ ಸೋರಿಸುತ್ತಾರೆ, ಆಮೇಲೆ ಎರಡು ಪಾಲು ಐಸ್, ಒಂದು ಪಾಲು ಸಮುದ್ರದ ನೀರು ಕಲಸಿದ ಡಬ್ಬದಲ್ಲಿ ಮುಳುಗಿಸುತ್ತಾರೆ. ಬರೀ ಐಸ್ ತುಣುಕಿನ ಮೇಲೆ ಇಟ್ಟರೆ ತಾಗಿದಲ್ಲಿ ಮಾತ್ರ ತಣ್ಣಗಾಗುತ್ತದೆ. ನೀರು ಸೇರಿದರೆ ಮೈಯೆಲ್ಲ ಒಂದೇ ಸಮ. ನಮ್ಮ ಕಡೆ ಪ್ಲಾಸ್ಟಿಕ್ ಚೀಲದಲ್ಲಿ ಮೀನು ಹಾಕಿ ಗಾಡಿಯ ಹ್ಯಾಂಡಲ್ಲಿಗೆ ತೂಗಿಬಿಟ್ಟು, ಏಪ್ರಿಲ್ ಬಿಸಿಲಿನಲ್ಲಿ ಊರಿಗೆ ಒಯ್ಯುವ ರೂಢಿ ಇದೆಯಲ್ಲ, ಅದನ್ನು ಯಾವ ಮಸಾಲೆಯೂ ಸರಿಪಡಿಸಲಾರದು.

ಲೋಳೆಯ ವಿಷಯದಲ್ಲಿ ನಮ್ಮ ದಾರಿ ಮೇಲು. ಇಲ್ಲಿ ಪೈಪಿನ ನೀರು ಬಿಟ್ಟು ತೊಳೆಯುತ್ತಾರೆ. ಎಷ್ಟು ತೊಳೆದರೂ ಲೋಳೆ ಜಾರುತ್ತದೆಯೇ ಹೊರತು ಹೋಗುವುದಿಲ್ಲ. ದಪ್ಪ ಉಪ್ಪು ಒಂದು ಮುಷ್ಟಿ, ಜರಡಿ ಹಿಡಿದ ಕಟ್ಟಿಗೆ ಬೂದಿ ಅಥವಾ ಜೋಳದ ತೌಡು ಎರಡು ಮುಷ್ಟಿ ಸೇರಿಸಿ ತಲೆಯಿಂದ ಬಾಲದ ಕಡೆಗೆ ತಿಕ್ಕಿ. ಲೋಳೆ ಉಂಡೆಯಾಗಿ ಎದ್ದು ಬರುತ್ತದೆ. ಚಾಕುವಿನ ಬೆನ್ನಿನಿಂದ ಹೆರೆದು ಒಮ್ಮೆ ತೊಳೆದರೆ ಮುಗಿಯಿತು. ಕುದಿನೀರು ಸುರಿಯುವುದು ಬೇಡ, ಚರ್ಮದ ಕೆಳಗಿನ ಮಾಂಸ ಬೆಂದು ಕೊಯ್ಯುವಾಗ ಹರಿಯುತ್ತದೆ.

ಕೊಯ್ಯಲು ಇಲ್ಲಿನವರ ಕ್ರಮ ಚೊಕ್ಕ. ಹೊಟ್ಟೆ ಸೀಳುವುದೇ ಇಲ್ಲ, ಆದ್ದರಿಂದ ಪಿತ್ತ ಒಡೆಯುವ ಭಯವಿಲ್ಲ. ಪಕ್ಕೆಮುಳ್ಳಿನ ಹಿಂದೆ ಬೆನ್ನೆಲುಬು ತಾಗುವವರೆಗೆ ಕೊಯ್ದು, ಚಾಕು ಅಡ್ಡ ಮಾಡಿ ಎಲುಬಿಗೆ ಒರಗಿಸಿಕೊಂಡು ಬಾಲದವರೆಗೆ ಒಯ್ಯಬೇಕು. ಬಾಲದ ಹತ್ತಿರ ಪೂರ್ತಿ ಕತ್ತರಿಸದೆ ಸೀಳನ್ನು ಮಗುಚಿ ಹಾಕಿ, ಚರ್ಮವನ್ನು ಹಿಡಿಕೆ ಮಾಡಿಕೊಂಡು ತಿರುಳು ಬಿಡಿಸಬೇಕು. ಈಗ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ತಿರುಳಿನ ನಡುವೆ ಉದ್ದಕ್ಕೂ ಕಂದುಗೆಂಪು ಪಟ್ಟಿ, ಮುಟ್ಟಿದರೆ ಉಳಿದ ಮಾಂಸಕ್ಕಿಂತ ಮೆತ್ತಗೆ, ಜಿಡ್ಡು. ಜನ ಬೈಯುವ ರುಚಿಯೆಲ್ಲ ಕೂತಿರುವುದು ಅಲ್ಲಿ. ಅದರ ಎರಡೂ ಬದಿಗೆ ಓರೆಯಾಗಿ ಚಾಕು ಎಳೆದು ಪಟ್ಟಿಯನ್ನು ಎತ್ತಿ ತೆಗೆಯಿರಿ. ಇದನ್ನು ತೆಗೆಯದೆ ಬಿಟ್ಟರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ತಲೆ, ಎಲುಬು ಎಸೆಯುವುದು ಇಲ್ಲಿನ ರೂಢಿ, ಸಾರಿನ ಸತ್ವವೇ ಅಲ್ಲಿದೆ ಅನ್ನುವುದು ನಮ್ಮ ಕಡೆಯ ಮಾತು. ನಾನು ನಮ್ಮ ಮಾತಿನ ಪರ, ಆದರೆ ಒಂದು ಷರತ್ತಿದೆ. ಗ್ಯಾಲ್ವೆಸ್ಟನ್ ಕೊಲ್ಲಿಯ ಮೀಸೆಮೀನಿನಲ್ಲಿ ಡೈಯಾಕ್ಸಿನ್, ಪಿಸಿಬಿ ಎಂಬ ರಾಸಾಯನಿಕಗಳು ಇರುವುದರಿಂದ ಮಿತವಾಗಿ ತಿನ್ನಲು, ಗರ್ಭಿಣಿಯರು ಮತ್ತು ಮಕ್ಕಳು ತಿನ್ನದಿರಲು ಟೆಕ್ಸಾಸ್ ಆರೋಗ್ಯ ಇಲಾಖೆ ಹೇಳಿದೆ. ಇವು ಕೊಬ್ಬಿನಲ್ಲಿ ಸೇರುವ ವಿಷ. ಕೊಲ್ಲಿಯ ಮೀನಾದರೆ ಚರ್ಮ, ಹೊಟ್ಟೆಯ ಕೊಬ್ಬು, ತಲೆ ಎಲ್ಲ ಬಿಟ್ಟು ಬರೀ ಬಿಳಿ ತಿರುಳು, ಅದೂ ಅಪರೂಪಕ್ಕೆ. ತಲೆ ಸಾರು ಕೊಲ್ಲಿಯಿಂದ ದೂರ, ತೆರೆದ ಸಮುದ್ರದಲ್ಲಿ ಸಿಕ್ಕ ಗ್ಯಾಫ್‌ಟಾಪ್‌ಗೆ ಮಾತ್ರ. ಕಿವಿರು ಪೂರ್ತಿ ಕಿತ್ತು, ಬೆನ್ನೆಲುಬಿಗೆ ಅಂಟಿದ ಕರಿರಕ್ತವನ್ನು ಚಮಚದಿಂದ ಕೆರೆದು ಆಮೇಲೆ ಬಳಸಿ.

ಹುರಿಯುವುದರಲ್ಲಿ ಎರಡೂ ಕಡೆಯವರು ಅಣ್ಣತಮ್ಮಂದಿರು. ಅವರು ಮಜ್ಜಿಗೆಯಲ್ಲಿ ನೆನೆಹಾಕಿ, ಗೋವಿನಜೋಳದ ತರಿಹಿಟ್ಟು ಹಚ್ಚಿ ಕರಿಯುತ್ತಾರೆ. ಶೇಂಗಾ ಎಣ್ಣೆ ಅವರಿಗೂ ಪ್ರಿಯ. ಮಜ್ಜಿಗೆಯ ಹುಳಿ ಆ ವಾಸನೆಯ ಟ್ರೈಮೀಥೈಲಮೈನನ್ನು ಹಿಡಿದು ಹಾರದಂತೆ ಕಟ್ಟುತ್ತದೆ, ನಮ್ಮ ಹುಣಸೆ ಮಾಡುವುದೂ ಅದನ್ನೇ. ಕೊಲ್ಹಾರದ ಮೊಸರಿನಂಥ ಗಟ್ಟಿ ಮೊಸರು ಕಡೆದು ಮಾಡಿದ ಮಜ್ಜಿಗೆಯಲ್ಲಿ ಫ್ರಿಜ್ಜಿನೊಳಗೆ ಅರ್ಧ ಗಂಟೆ ಸಾಕು. ಆಮೇಲೆ ಬಟ್ಟೆಯಿಂದ ಒರೆಸಿ, ಒಂದು ಕಿಲೋಗೆ ಎರಡು ಚಮಚ ಮಸಾಲಿ ಖಾರ, ಒಂದೂವರೆ ಚಮಚ ಉಪ್ಪು, ಅರ್ಧ ಚಮಚ ಅರಿಶಿನ ಸವರಿ. ಮೇಲೆ ಜೋಳದ ಹಿಟ್ಟು ಮತ್ತು ಸಣ್ಣ ರವೆ ಸಮಸಮ. ಜೋಳದ ಹಿಟ್ಟಿನಲ್ಲಿ ಅಂಟಿಲ್ಲ, ತುಂಡು ಒದ್ದೆಯಿದ್ದರೆ ಎಣ್ಣೆಯಲ್ಲಿ ಕಳಚಿ ತಳ ಸೇರುತ್ತದೆ. ಹಿಟ್ಟು ಹಚ್ಚಿ ಹತ್ತು ನಿಮಿಷ ಬಿಡಿ. ಎಣ್ಣೆ 175 ಡಿಗ್ರಿ, ಒಂದು ಸಲಕ್ಕೆ ನಾಲ್ಕೇ ತುಂಡು, ಎರಡು ಸೆಂಟಿಮೀಟರ್ ದಪ್ಪಕ್ಕೆ ನಾಲ್ಕು ನಿಮಿಷ.

ಸಾರಿಗೆ ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು, ಕಾಲು ಬಟ್ಟಲು ಒಣಕೊಬ್ಬರಿ, ಹತ್ತು ಎಸಳು ಬಳ್ಳೊಳ್ಳಿ, ಎರಡು ಚಮಚ ಹುರಿದ ಕೊತ್ತಂಬರಿ ಬೀಜ ಸೇರಿಸಿ ನುಣ್ಣಗೆ ಅರೆಯಿರಿ. ಲವಂಗ ಚಕ್ಕೆ ಬೇಡ, ಅದು ಕುರಿ ಮಾಂಸದ ಮಸಾಲೆ. ನಿಂಬೆಹಣ್ಣಿನಷ್ಟು ಹುಣಸೆಯ ರಸ, ಮಸಾಲಿ ಖಾರ, ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿದ ಮೇಲೆಯೇ ಮೀನು ಹಾಕಬೇಕು. ಮೊದಲೇ ಹಾಕಿದರೆ ಹುಣಸೆಯ ಹಸಿ ವಾಸನೆ ಹೋಗುವಷ್ಟರಲ್ಲಿ ಮೀನು ಪುಡಿಯಾಗಿರುತ್ತದೆ. ಮೀನು ಬಿದ್ದ ಮೇಲೆ ಎಂಟು ನಿಮಿಷ ಸಣ್ಣ ಉರಿ. ಸವುಟು ಆಡಿಸದೆ ಪಾತ್ರೆಯನ್ನೇ ಹಿಡಿದು ತಿರುಗಿಸಿ. ಇಳಿಸಿ ಅರ್ಧ ಗಂಟೆ ಬಿಟ್ಟು ಬಿಸಿ ಜೋಳದ ರೊಟ್ಟಿಯೊಡನೆ ಉಣ್ಣಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಸಾರನ್ನಷ್ಟೇ ಬೇರೆ ಕುದಿಸಿ, ಮೀನಿನ ತುಂಡುಗಳನ್ನು ಕೊನೆಗೆ ಅದರಲ್ಲಿ ಬಿಟ್ಟು ಬಿಸಿ ಮಾಡಿಕೊಳ್ಳಿ.