ವಿಲ್ನಿಯಸ್: ಖಾಲಿಯಾದ ಜಾಗಗಳಿಗೆ ಬಂದ ಕಲಾವಿದರು

ಬಾಲ್ಟಿಕ್ ದೇಶಗಳನ್ನು ಸುತ್ತಿ ಬಂದವರು ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್ ಬಗ್ಗೆ ಬರೆಯೋದು ಸಾಮಾನ್ಯವಾಗಿ ಎರಡೇ ವಿಷಯ. ಹಳೇ ಊರು ಸಕತ್ತಾಗಿದೆ. ಉಜುಪಿಸ್ ಅಂತ ಕಲಾವಿದರ ಒಂದು ತಮಾಷೆ ಗಣರಾಜ್ಯ ಇದೆ, ತಪ್ಪಿಸ್ಕೋಬೇಡಿ. ಎರಡೂ ನಿಜವೇ. ಆದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಅಂತ ಬೇರೆ ಬೇರೆ ಪ್ಯಾಕೇಜಿನ ಥರ ನೋಡಿ ಬಂದರೆ ಈ ಊರು ಅರ್ಥ ಆಗೋದಿಲ್ಲ. ಇದು ನನ್ನ ತಕರಾರು. ಇಲ್ಲಿ ಮೊದಲು ಮನೆಗಳು ಖಾಲಿಯಾದವು. ಆಮೇಲೆ ಕಾರ್ಖಾನೆಗಳು, ಕೊನೆಗೆ ಒಂದು ಜೈಲು. ಹೊಸ ಕಲೆಗೆ ಜಾಗ ಸಿಕ್ಕಿದ್ದೇ ಹಾಗೆ.

ಉಜುಪಿಸ್ ಇರೋದು ವಿಲ್ನೆಲೆ ಅನ್ನುವ ಪುಟ್ಟ ನದಿಯ ಆಚೆ ದಡದಲ್ಲಿ. 1997ರ ಏಪ್ರಿಲ್ 1ರಂದು ಅಲ್ಲಿನವರು ತಮ್ಮದೇ ಬೇರೆ ದೇಶ ಅಂತ ಘೋಷಿಸಿಕೊಂಡರು. ತಾರೀಖು ನೋಡಿದರೇ ಗೊತ್ತಾಗುತ್ತೆ, ಅಲ್ವಾ? ಬಾವುಟ, ಅಧ್ಯಕ್ಷ, ಮಂತ್ರಿಗಳು, ಹತ್ತು ಹನ್ನೆರಡು ಜನರ ಸೈನ್ಯ, ಎಲ್ಲ ಮಾಡಿಕೊಂಡರು. ಸಂವಿಧಾನವನ್ನು ಪೌಪಿಯೊ ಬೀದಿಯ ಗೋಡೆ ಮೇಲೆ, ಹೊಳೆಯುವ ಲೋಹದ ಫಲಕಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಹಾಕಿದ್ದಾರೆ. ನಾಯಿಗೆ ನಾಯಿಯಾಗಿರುವ ಹಕ್ಕಿದೆ. ಬೆಕ್ಕು ಸಾಕಿದವರನ್ನು ಪ್ರೀತಿಸಲೇಬೇಕು ಅಂತೇನಿಲ್ಲ, ಆದರೆ ಕಷ್ಟ ಬಂದಾಗ ಕೈಬಿಡಬಾರದು. ಜನ ನಗುತ್ತಾ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ.

ಎರಡನೇ ಕಲಮಿನ ಮುಂದೆ ಮಾತ್ರ ಯಾರೂ ನಿಲ್ಲೋದು ಕಾಣಲಿಲ್ಲ. ಪ್ರತಿಯೊಬ್ಬರಿಗೂ ಬಿಸಿನೀರು, ಚಳಿಗಾಲದಲ್ಲಿ ಬೆಚ್ಚಗಿನ ಮನೆ, ಹೆಂಚಿನ ಸೂರು ಸಿಗಬೇಕು ಅನ್ನುತ್ತದೆ ಅದು. ಸೊನ್ನೆಗಿಂತ ಕೆಳಗಿಳಿಯುವ ಚಳಿಯ ಊರಲ್ಲಿ ಇದನ್ನು ಬರೆದವರು ಬರೀ ತಮಾಷೆಗೆ ಬರೆದಿರಲಾರರು. ಆಗ ಉಜುಪಿಸ್‌ನ ಎಷ್ಟೋ ಮನೆ ಪಾಳು ಬಿದ್ದಿದ್ದವು. ಪೊಲೀಸರಿಗೆ ತಲೆನೋವಾಗಿದ್ದ, ಮರ್ಯಾದಸ್ಥರು ಕತ್ತಲಾದ ಮೇಲೆ ಕಾಲಿಡದ ಕೇರಿ ಅದು. ಬಾಡಿಗೆ ಕಡಿಮೆ, ಎಷ್ಟೋ ಕಡೆ ಕೇಳುವವರೇ ಇಲ್ಲ. ಕಾಸಿಲ್ಲದ ಕಲಾವಿದರು ಬಂದು ಸೇರಿಕೊಂಡಿದ್ದು ಅದಕ್ಕೇ.

ಸರಿ, ಆ ಮನೆಗಳು ಯಾಕೆ ಹಾಗಾದವು? ಎರಡನೇ ಮಹಾಯುದ್ಧಕ್ಕೆ ಮೊದಲು ಅಲ್ಲಿ ಯಹೂದಿಗಳು ಜಾಸ್ತಿ ಸಂಖ್ಯೆಯಲ್ಲಿದ್ದರು. ಅಷ್ಟೇ ಅಲ್ಲ, ಇಡೀ ವಿಲ್ನಿಯಸ್‌ನ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಅವರದೇ. ಲಿಥುವೇನಿಯಾದ ಜೆರುಸಲೇಮ್ ಅಂತ ಈ ಊರಿಗೆ ಹೆಸರಿತ್ತು. 1941ರಲ್ಲಿ ಜರ್ಮನ್ ಸೈನ್ಯ ಬಂತು. ಊರಾಚೆ ಸುಮಾರು 10 ಕಿಲೋಮೀಟರ್ ದೂರದ ಪನೆರಿಯಾಯ್ ಕಾಡಿನಲ್ಲಿ ಸುಮಾರು 70,000 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಕೊಂದವರಲ್ಲಿ ಸ್ಥಳೀಯರೂ ಇದ್ದರು. ಆಮೇಲೆ ಬಂದ ಸೋವಿಯತ್ ಆಡಳಿತಕ್ಕೆ ಉಜುಪಿಸ್ ಬೇಕಿರಲಿಲ್ಲ. ಅಲ್ಲಿನ ಯಹೂದಿ ಸ್ಮಶಾನದ ಕಲ್ಲುಗಳನ್ನು ಕಿತ್ತು ಮೆಟ್ಟಿಲು ಕಟ್ಟೋಕೆ ಬಳಸಿದರು. ಅವುಗಳಲ್ಲಿ ಕೆಲವು ವಾಪಸ್ ಬಂದು ಈಗ ಸ್ಮಾರಕವಾಗಿ ನಿಂತಿವೆ.

ಈ ಊರಿನ ಸೃಜನಶೀಲತೆ ಅಂದ ಕೂಡಲೇ 90ರ ದಶಕದಿಂದ ಲೆಕ್ಕ ಹಾಕುವವರಿಗೆ ಇನ್ನೊಂದು ವಿಷಯ ಹೇಳಬೇಕು. ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದೊಳಗೆ ಒಂದು ಗ್ರಂಥಾಲಯ ನಡೆಯುತ್ತಿತ್ತು. 1942ರ ಕೊನೆಗೆ ಅಲ್ಲಿಂದ ಓದಲು ಕೊಟ್ಟ ಪುಸ್ತಕಗಳ ಲೆಕ್ಕ 1 ಲಕ್ಷ ದಾಟಿತು, ಅದಕ್ಕೊಂದು ಸಮಾರಂಭವನ್ನೂ ಮಾಡಿದರು. ನಾಟಕ ತಂಡವೂ ಇತ್ತು. ಹೊರಗೆ ಕೊಲೆ ನಡೆಯುತ್ತಿರುವಾಗ ನಾಟಕ ಯಾಕೆ ಅಂತ ಆಗಲೂ ಒಳಗೇ ಜಗಳವಾಗಿತ್ತು. ನನ್ನನ್ನು ಕೇಳಿದರೆ ವಿಲ್ನಿಯಸ್‌ನ ಕಲಾ ಇತಿಹಾಸ ಅಲ್ಲಿಂದ ಶುರು ಮಾಡಬೇಕು, ಉಜುಪಿಸ್‌ನ ದೇವದೂತನ ಪ್ರತಿಮೆಯಿಂದಲ್ಲ.

ಪ್ರತಿಮೆ ಅಂದೆನಲ್ಲ, ಉಜುಪಿಸ್ ಚೌಕದಲ್ಲಿ ಕಂಬದ ಮೇಲೆ ಕಹಳೆ ಊದುವ ದೇವದೂತ 2002ರಲ್ಲಿ ಬಂದಿದ್ದು. ಅದಕ್ಕೂ ಮೊದಲು ಆ ಕಂಬದ ಮೇಲೆ ಒಂದು ದೊಡ್ಡ ಮೊಟ್ಟೆ ಇತ್ತು! ಇಂಥದ್ದೆಲ್ಲ ನನಗೂ ಇಷ್ಟವೇ. ಹತ್ತಿರದಲ್ಲೇ ಟಿಬೆಟ್ ಹೆಸರಿನ ಪುಟ್ಟ ಪಾರ್ಕ್ ಇದೆ, ದಲಾಯಿ ಲಾಮಾ ಈ ಗಣರಾಜ್ಯದ ಗೌರವ ಪ್ರಜೆ. ಬೈಲುಕುಪ್ಪೆ ನೋಡಿದ ನಮಗೆ ಟಿಬೆಟಿನವರ ಹೆಸರು ಅಲ್ಲಿ ಕಂಡರೆ ಖುಷಿಯಾಗದೇ ಇರುತ್ತಾ? ಊರಿನ ಇನ್ನೊಂದು ಕಡೆ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಝಪ್ಪಾನ ತಲೆ ಇದೆ. 1995ರಲ್ಲಿ ನಿಲ್ಲಿಸಿದ್ದು. ಅವನಿಗೂ ಲಿಥುವೇನಿಯಾಗೂ ಸಂಬಂಧವೇ ಇಲ್ಲ. ಅದನ್ನು ಮಾಡಿದ ಶಿಲ್ಪಿ ಅದಕ್ಕೂ ಮುಂಚೆ ಸೋವಿಯತ್ ನಾಯಕರ ಪ್ರತಿಮೆ ಮಾಡುತ್ತಿದ್ದವರು. ಇದು ಬರೀ ತರಲೆ ಅಂತ ನನಗನಿಸೋದಿಲ್ಲ. ಯಾರ ಪ್ರತಿಮೆ ನಿಲ್ಲಿಸಬೇಕು ಅಂತ ಐವತ್ತು ವರ್ಷ ಬೇರೆಯವರಿಂದ ಹೇಳಿಸಿಕೊಂಡ ಜನ, ಸುಮ್ನೆ ತಮಗೆ ಬೇಕಾದವನನ್ನು ನಿಲ್ಲಿಸಿದರು.

ಉಜುಪಿಸ್ ಈಗ ಊರಿನ ದುಬಾರಿ ಏರಿಯಾಗಳಲ್ಲೊಂದು. ಕಲಾವಿದರಿಂದ ಹೆಸರು ಬಂತು, ಹೆಸರಿನಿಂದ ಬಾಡಿಗೆ ಏರಿತು. ಮುಂದಿನದ್ದು ಎಲ್ಲ ಊರಲ್ಲೂ ಆಗೋದೇ.

ನಾನು ತಲೆ ಕೆಡಿಸಿಕೊಂಡಿದ್ದು ಲುಕಿಶ್ಕೆಸ್ ಜೈಲಿನ ವಿಷಯದಲ್ಲಿ. ರಷ್ಯಾದ ತ್ಸಾರ್ ಕಾಲದಲ್ಲಿ, 20ನೇ ಶತಮಾನದ ಶುರುವಿನಲ್ಲಿ ಕಟ್ಟಿದ್ದು. ಆಮೇಲೆ ಬಂದ ಪ್ರತಿಯೊಂದು ಆಡಳಿತವೂ ತನಗಾಗದವರನ್ನು ಇಲ್ಲಿಗೇ ತಳ್ಳಿತು. ನಾಜಿಗಳ ಕಾಲದಲ್ಲಿ ಸಾವಿರಾರು ಜನ ಇಲ್ಲಿಂದಲೇ ಪನೆರಿಯಾಯ್‌ಗೆ ಹೋದರು. 2019ರಲ್ಲಿ ಜೈಲು ಮುಚ್ಚಿತು. ಈಗ ಸೆಲ್‌ಗಳಲ್ಲಿ ಕಲಾವಿದರ ಸ್ಟುಡಿಯೋ, ಅಂಗಳದಲ್ಲಿ ಸಂಗೀತ, ಪಕ್ಕದಲ್ಲೇ ಬಾರ್. 2022ರಲ್ಲಿ ಒಂದು ಸೆಲ್ಲನ್ನು ಜನಪ್ರಿಯ ವೆಬ್ ಸರಣಿಯ ಶೈಲಿಯಲ್ಲಿ ಅಲಂಕರಿಸಿ ರಾತ್ರಿ ತಂಗೋಕೆ ಬಾಡಿಗೆಗೆ ಕೊಟ್ಟಾಗ ಸಾವಿರಾರು ಜನ ಸಹಿ ಹಾಕಿ ವಿರೋಧಿಸಿದರು. ನನ್ನ ಸಹಿಯೂ ಅವರ ಕಡೆಗೇ. ಹಾಗಂತ ಇಡೀ ಜಾಗವನ್ನು ಬೀಗ ಹಾಕಿ ಇಡಬೇಕಿತ್ತಾ? ಅದನ್ನೂ ಒಪ್ಪಲಾರೆ. ಐಷಾರಾಮಿ ಹೋಟೆಲ್ ಆಗೋದಕ್ಕಿಂತ ಸ್ಟುಡಿಯೋ ಸಾವಿರ ಪಾಲು ಮೇಲು. ಆದರೆ ಅಲ್ಲಿ ಬಿಯರ್ ಕುಡಿಯುವವರಿಗೆ ಆ ಗೋಡೆಗಳು ಏನು ಅಂತ ಗೊತ್ತಿರಬೇಕು. ಗೈಡ್ ಜೊತೆ ಒಳಗೆ ಸುತ್ತಿದರೆ ಗೊತ್ತಾಗುತ್ತೆ. ಸೀದಾ ಅಂಗಳಕ್ಕೆ ಹೋಗಿ ಕೂತವರಿಗೆ ಗೊತ್ತಾಗೋದಿಲ್ಲ.

ಹತ್ತಿರದಲ್ಲಿ ಸೋವಿಯತ್ ಗುಪ್ತ ಪೊಲೀಸರ, ಅಂದರೆ ಕೆಜಿಬಿಯ, ಹಳೇ ಕಟ್ಟಡದಲ್ಲಿ ಇದನ್ನು ಸರಿಯಾಗಿ ಮಾಡಿದ್ದಾರೆ. ಅಲ್ಲಿ ಸತ್ತವರ ಹೆಸರುಗಳನ್ನು ಹೊರಗೋಡೆಯ ಕಲ್ಲಲ್ಲೇ ಕೆತ್ತಿದ್ದಾರೆ. ಫುಟ್‌ಪಾತಿನಲ್ಲಿ ಹೋಗುವವನ ಕಣ್ಣಿಗೂ ಬೀಳುತ್ತದೆ, ಟಿಕೆಟ್ ಬೇಕಿಲ್ಲ. ಸೋವಿಯತ್ ಕಾಲದಲ್ಲಿ ಸತ್ತವರಿಗೆ ಸಿಕ್ಕ ಈ ಜಾಗ, ಕೊಲೆಯಾದ ಯಹೂದಿ ನೆರೆಯವರಿಗೆ ನಡುವೂರಲ್ಲಿ ಅಷ್ಟು ಎದ್ದು ಕಾಣುವಂತೆ ಸಿಕ್ಕಿಲ್ಲ. ಅವರ ದೊಡ್ಡ ಸಿನಗಾಗ್ (ಪ್ರಾರ್ಥನಾ ಮಂದಿರ) ಇದ್ದ ಜಾಗದಲ್ಲಿ ಸೋವಿಯತ್ತಿನವರು ಶಾಲೆ ಕಟ್ಟಿದ್ದರು. 2018ರಲ್ಲಿ ಆ ಶಾಲೆಯ ಅಡಿಯಲ್ಲೇ ಅಗೆದಾಗ ಸಿನಗಾಗಿನ ಒಳವೇದಿಕೆ ಸಿಕ್ಕಿತು. 1323ರಲ್ಲಿ ಗೆಡಿಮಿನಾಸ್ ದೊರೆ ಪರದೇಶದ ವ್ಯಾಪಾರಿಗಳಿಗೆ, ಕುಶಲಕರ್ಮಿಗಳಿಗೆ ಬನ್ನಿ ಅಂತ ಕಾಗದ ಬರೆದಿದ್ದನ್ನೇ ಹುಟ್ಟುಹಬ್ಬ ಅಂತ ಲೆಕ್ಕ ಹಾಕಿ 2023ರಲ್ಲಿ 700 ವರ್ಷ ಆಚರಿಸಿದ ಊರಿದು. ಬಂದು ನೆಲೆಸಿದವರ ಗುರುತನ್ನು ಇನ್ನಷ್ಟು ಧಾರಾಳವಾಗಿ ಇಡಬಹುದಿತ್ತು.

ಹೋಗುವವರು ಪಕ್ಕದ ಬಾಲ್ಟಿಕ್ ರಾಜಧಾನಿಗಳಾದ ಟ್ಯಾಲಿನ್, ರಿಗಾಗಳ ಬಾಲಕ್ಕೆ ವಿಲ್ನಿಯಸ್ಸನ್ನು ಅರ್ಧ ದಿನ ಕಟ್ಟಬೇಡಿ. ಮೊದಲು ಸ್ಟೇಷನ್ನಿನಿಂದ ರೈಲು ಹಿಡಿದು ಪನೆರಿಯಾಯ್‌ಗೆ ಹೋಗಿಬನ್ನಿ, ಆಮೇಲೆ ಹಳೇ ಘೆಟ್ಟೋ ಬೀದಿಗಳು, ಉಜುಪಿಸ್ ಅದಾದ ಮೇಲೆ. ಊಟಕ್ಕೆ ಚೆಪೆಲಿನಾಯ್ ಅನ್ನುವ ಆಲೂಗಡ್ಡೆ ಕಡುಬು ಎಲ್ಲ ಕಡೆ ಸಿಗುತ್ತದೆ, ಸಾಮಾನ್ಯವಾಗಿ ಒಳಗೆ ಮಾಂಸ ಇರುತ್ತೆ, ಕೇಳಿ ತಗೊಳ್ಳಿ. ಬೇಸಿಗೆಯಾದರೆ ಬೀಟ್‌ರೂಟ್ ಹಾಕಿದ ಗುಲಾಬಿ ಬಣ್ಣದ ತಣ್ಣನೆ ಸೂಪು ಕುಡಿಯಿರಿ. ನನಗೆ ಎರಡನೇ ಬಟ್ಟಲೂ ಬೇಕಾಯಿತು.