ಸಂಬಳ ಮೊದಲು ಇಳಿಯಿತು, ಜನ ಆಮೇಲೆ ಬಂದರು

ನಾನಿರುವ ಡಿಮೊಯ್ನ್‌ನಿಂದ ವಾಯುವ್ಯಕ್ಕೆ ಎರಡೂವರೆ ಗಂಟೆ ಕಾರು ಓಡಿಸಿದರೆ ಸ್ಟಾರ್ಮ್ ಲೇಕ್ ಸಿಗುತ್ತದೆ. ಅಮೆರಿಕದ ಅಯೋವಾ ರಾಜ್ಯದ ಸಣ್ಣ ಊರು. ದಾರಿಯುದ್ದಕ್ಕೂ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ನಡುವಿನ ಎಷ್ಟೋ ಊರುಗಳಲ್ಲಿ ಅಂಗಡಿ ಬಾಗಿಲು ಮುಚ್ಚಿ ವರ್ಷಗಳಾಗಿವೆ. ಸ್ಟಾರ್ಮ್ ಲೇಕ್ ಪೇಟೆಯಲ್ಲಿ ಮಾತ್ರ ಮಕ್ಕಳ ಗಲಾಟೆ ಕೇಳಿಸುತ್ತದೆ.

1990ರಲ್ಲಿ ಇಲ್ಲಿ 8,769 ಜನರಿದ್ದರು. 2020ರ ಜನಗಣತಿಯಲ್ಲಿ 11,269. ಇದೇನು ದೊಡ್ಡ ಸಂಖ್ಯೆಯಲ್ಲ ಅನ್ನಿಸಬಹುದು. ಆದರೆ ಅಯೋವಾದ 99 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದ ಹಾಗೆ) ಮೂರರಲ್ಲಿ ಎರಡು ಪಾಲು 2010ರಿಂದ 2020ರ ನಡುವೆ ಜನ ಕಳೆದುಕೊಂಡಿವೆ. ಅಂಥ ಕಡೆ ಒಂದು ಊರು ಬೆಳೆಯುವುದೇ ದೊಡ್ಡದು.

ಬೆಳೆಸಿದವರು ಹೊರಗಿಂದ ಬಂದವರು. ಲಾವೋಸ್, ಮೆಕ್ಸಿಕೋ, ಸುಡಾನ್, ಮೈಕ್ರೊನೇಷ್ಯಾದವರು. ಹಂದಿ ಮತ್ತು ಟರ್ಕಿ ಕೋಳಿ ಮಾಂಸದ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. "ಇವರು ಬಂದರು, ಸಂಬಳ ಬಿತ್ತು" ಎಂಬ ಮಾತನ್ನು ಇಲ್ಲಿ ತುಂಬಾ ಕೇಳಿದ್ದೇನೆ. ಇದು ತಪ್ಪು. ನಡೆದದ್ದು ಉಲ್ಟಾ.

ಊರಿನಲ್ಲಿ ಹೈಗ್ರೇಡ್ ಎಂಬ ಮಾಂಸದ ಕಾರ್ಖಾನೆ ಇತ್ತು. ಕಾರ್ಮಿಕ ಸಂಘವಿತ್ತು. ಆ ಸಂಬಳದಲ್ಲಿ ಮನೆ ಕಟ್ಟಿ ಮಕ್ಕಳನ್ನು ಓದಿಸಬಹುದಿತ್ತು. 1981ರಲ್ಲಿ ಅದು ಮುಚ್ಚಿತು. ಮರುವರ್ಷ ಐಬಿಪಿ ಎಂಬ ಇನ್ನೊಂದು ಮಾಂಸದ ಕಂಪನಿ ಅದೇ ಜಾಗದಲ್ಲಿ ಬಾಗಿಲು ತೆಗೆಯಿತು. ಸಂಘ ಇಲ್ಲ, ಸಂಬಳ ತುಂಬಾ ಕಡಿಮೆ. ಅದೇ ಹೊತ್ತಿಗೆ ಸಾಲದ ಬಡ್ಡಿ ಏರಿ, ಜಮೀನಿನ ಬೆಲೆ ಕುಸಿದು ರೈತರು ಮುಳುಗಿದರು. ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆಯೇ 29.1 ಲಕ್ಷದಿಂದ 27.8 ಲಕ್ಷಕ್ಕೆ ಇಳಿಯಿತು. ಊರಿನ ಹುಡುಗರು ಹೊರಟುಹೋದರು. ಉಳಿದ ಕೆಲಸಕ್ಕೆ ಬೇರೆಯವರು ಬಂದರು. 2001ರಲ್ಲಿ ಐಬಿಪಿಯನ್ನು ಟೈಸನ್ ಎಂಬ ದೊಡ್ಡ ಮಾಂಸದ ಕಂಪನಿ ಕೊಂಡಿತು. 2020ರ ಮೇ ತಿಂಗಳಲ್ಲಿ ಆ ಹಂದಿ ಕಾರ್ಖಾನೆಯ 500ಕ್ಕೂ ಹೆಚ್ಚು ಕೆಲಸಗಾರರಿಗೆ ಕೊರೊನಾ ತಗುಲಿತ್ತು. ಅಮೆರಿಕದ ಊಟದ ತಟ್ಟೆ ತುಂಬಿಸಲು ಅವರು ತೆತ್ತ ಬೆಲೆ ಅದು.

ಆದಾಯದ ಅಂಕಿಗಳನ್ನು ನೋಡುವಾಗಲೂ ಹುಷಾರಾಗಿರಬೇಕು. ಇಲ್ಲಿ ಒಂದೇ ಮನೆಯಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರೂ ದುಡಿಯುತ್ತಾರೆ. ಹಾಗಾಗಿ ಮನೆವಾರು ಲೆಕ್ಕದಲ್ಲಿ ಊರು ಪರವಾಗಿಲ್ಲ ಅನ್ನಿಸುತ್ತದೆ. ತಲೆವಾರು ಹಂಚಿದರೆ ರಾಜ್ಯದ ಸರಾಸರಿಗಿಂತ ಎಷ್ಟೋ ಕೆಳಗೆ. ಮಕ್ಕಳು ಜಾಸ್ತಿ ಇರುವುದೂ ಇದಕ್ಕೆ ಕಾರಣ. ಆ ಮಕ್ಕಳು ಇನ್ನೂ ದುಡಿಯುತ್ತಿಲ್ಲ, ಅಷ್ಟೇ. ಅವರನ್ನು ಬಡತನದ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇದನ್ನೆಲ್ಲ ನೋಡುವಾಗ ನನಗೆ ನಮ್ಮ ಮಲೆನಾಡಿನ ಕೊಪ್ಪ ನೆನಪಾಗುತ್ತದೆ. ನಮ್ಮ ಹಳ್ಳಿಯಲ್ಲೂ ಇದೇ ಕಥೆ ಅಲ್ವಾ? ನಾವು ಹುಡುಗರು ಬೆಂಗಳೂರಿಗೆ, ಅಮೆರಿಕಕ್ಕೆ ಬಂದೆವು. ತೋಟದಲ್ಲಿ ವಯಸ್ಸಾದವರು ಉಳಿದರು. ನಾನು ಓದಿದ ಶಾಲೆ ಮಕ್ಕಳೇ ಇಲ್ಲದೆ ಮುಚ್ಚಿದೆ. ಕಾಫಿ ಹಣ್ಣು ಕುಯ್ಯಲು ಅಸ್ಸಾಮಿನವರು ಬರುತ್ತಾರೆ. "ಅವರಿಲ್ಲದಿದ್ದರೆ ತೋಟ ಬಿಡಬೇಕಿತ್ತು" ಅಂತ ಅಣ್ಣನೇ ಹೇಳುತ್ತಾನೆ.

ಆದರೆ ನಡೆಸಿಕೊಳ್ಳುವ ರೀತಿ ಬೇರೆ. ಸ್ಟಾರ್ಮ್ ಲೇಕ್‌ನಲ್ಲಿ ಕಷ್ಟ, ಅವಮಾನ ಇಲ್ಲವೆಂದಲ್ಲ. ವಲಸೆಯ ಕಾಗದಪತ್ರ ಇಲ್ಲದವರಿಗಿರುವ ಭಯ ನಿಜವಾದದ್ದು. ಹಾಗಿದ್ದೂ ಮಕ್ಕಳು ಮೊದಲ ದಿನದಿಂದ ಶಾಲೆಗೆ ಹೋಗುತ್ತಾರೆ. ಕಾಗದ ಇಲ್ಲದ ಮಕ್ಕಳನ್ನೂ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಇಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಇಲ್ಲೇ ಹುಟ್ಟಿದವರು ಬೆಳೆದು ಮನೆ ಕೊಳ್ಳುತ್ತಾರೆ, ಅಂಗಡಿ ಇಡುತ್ತಾರೆ, ಓಟು ಹಾಕುತ್ತಾರೆ.

ನಮ್ಮ ತೋಟದ ಕೆಲಸಗಾರರಿರುವ ಲೈನ್ ಮನೆಯ ಮಕ್ಕಳು ಮಾತ್ರ ಕಣದ ಪಕ್ಕ ಆಡುತ್ತಿರುತ್ತಾರೆ. ಕುಯ್ಲು ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆಂದು ನಾವು ಕೇಳಿಲ್ಲ. ನಾನೂ ಕೇಳಿಲ್ಲ. ಕಳೆದ ವಾರ ಅಣ್ಣನಿಗೆ ಫೋನ್ ಮಾಡಿ, ಅವರಲ್ಲಿ ಶಾಲೆಗೆ ಹೋಗುವ ವಯಸ್ಸಿನವರು ಎಷ್ಟಿದ್ದಾರೆ ಎಂದು ಕೇಳಿದೆ. ಎಣಿಸಿ ಹೇಳುತ್ತೇನೆ ಅಂದ. ಭಾನುವಾರ ವಾಪಸ್ ಫೋನ್ ಬಂತು. ನಮ್ಮ ಲೈನಿನಲ್ಲೇ ಒಂಬತ್ತು ಮಕ್ಕಳು. ಮುಚ್ಚಿದ ಶಾಲೆ ಅಲ್ಲಿಂದ ಅರ್ಧ ಮೈಲಿ.